ಬಿಸಿಲಿಗಿಟ್ಟ ಎಣ್ಣೆ

ಸಾರಿನ ಬಟ್ಟಲುಗಳಿದ್ದ ತಟ್ಟೆಯನ್ನು ಮಿರಾನ್ ಮೇಜಿನ ಮೇಲೆ ಇಡುತ್ತಿದ್ದಂತೆಯೇ ದೊಡ್ಡಪ್ಪನ ಹಳೆಯ ಗೆಳೆಯ ಹಾಮ್ ಅವಳ ಮೊಣಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು.

"ಇಲ್ಲಿ ನೋಡ್ರಪ್ಪ, ಇವಳೇ. ಗಿಯೊಲ್ ಬಾಯಿ ತೆಗೆದ್ರೆ ಹೇಳ್ತಿದ್ದನಲ್ಲ, ನಮ್ಮ ಡಾಕ್ಟರ್ ಹುಡುಗಿ, ನಮ್ಮ ಡಾಕ್ಟರ್ ಹುಡುಗಿ ಅಂತ."

ಸುತ್ತ ಕೂತಿದ್ದ ಮುದುಕರು ಚಮಚ ಕೆಳಗಿಟ್ಟು ಅವಳಿಗೆ ತಲೆ ಬಾಗಿದರು. ಅವರೆಲ್ಲ ಜೆಚೊನ್ ಊರಿನ ರೈಲು ಯಾರ್ಡಿನಲ್ಲಿ ದುಡಿದು ನಿವೃತ್ತರಾದವರು. ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಆಸ್ಪತ್ರೆಯ ನೆಲಮಾಳಿಗೆಯ ಆ ಹಾಲ್‌ನಲ್ಲಿ ಕೆಂಪು ಮಾಂಸದ ಸಾರಿನ ಖಾರ, ಊದುಬತ್ತಿಯ ಹೊಗೆ, ಮೂರು ದಿನದಿಂದ ಬಿಚ್ಚದ ಕಾಲುಚೀಲಗಳ ವಾಸನೆ ಎಲ್ಲ ಬೆರೆತು ನಿಂತಿದ್ದವು. ಆಚೆ ಬದಿಯಲ್ಲಿ ಬಿಳಿ ಸೇವಂತಿಗೆಗಳ ನಡುವೆ, ತೀರಿಕೊಂಡ ಅವಳ ದೊಡ್ಡಪ್ಪ ತಾಕ್ ಗಿಯೊಲ್ ಫೋಟೋದಲ್ಲಿ ಕೂತಿದ್ದರು. ಯಾರದೋ ಕೋಟು ಹಾಕಿಕೊಂಡು ತೆಗೆಸಿದ್ದ ಫೋಟೋ. ಭುಜ ಅವರ ಅಳತೆಗಿಂತ ದೊಡ್ಡದಾಗಿತ್ತು.

"ಡಾಕ್ಟ್ರಮ್ಮ, ನಿಮ್ಮ ಎಣ್ಣೆ ಕುಡಿಯೋಕೆ ಶುರು ಮಾಡಿದ ಮೇಲೆ ಮೆಟ್ಟಿಲು ಹತ್ತೋಕೆ ಆಗ್ತಿದೆ ನಂಗೆ," ಎಂದು ಒಬ್ಬರು ಮಂಡಿ ತಟ್ಟಿ ತೋರಿಸಿದರು.

"ಅದು ಎಣ್ಣೆಯಿಂದ ಅಲ್ಲ ಕಣೋ. ಮೇಲಿನ ಮನೆಗೆ ಹೊಸದಾಗಿ ಒಬ್ಬಳು ವಿಧವೆ ಬಾಡಿಗೆಗೆ ಬಂದಿದ್ದಾಳಲ್ಲ, ಅದಕ್ಕೆ," ಎಂದರು ಹಾಮ್.

ಎಲ್ಲರೂ ನಕ್ಕರು. ಮಿರಾನ್ ತಲೆ ತಗ್ಗಿಸಿ, "ಅದು ನನ್ನ ಎಣ್ಣೆ ಅಲ್ಲ, ಅಜ್ಜ," ಎಂದಳು.

"ನೋಡಿದ್ರಾ ವಿನಯ? ಥೇಟ್ ದೊಡ್ಡಪ್ಪನ ಥರಾನೇ."

ಹಾಮ್ ಅವಳ ಕೈಯನ್ನು ತಮ್ಮ ಎರಡೂ ಕೈಗಳ ನಡುವೆ ಇಟ್ಟುಕೊಂಡು ಒತ್ತಿದರು. ಅವರ ಅಂಗೈ ಬೆಚ್ಚಗಿತ್ತು. ಕೈ ಬಿಡಿಸಿಕೊಳ್ಳಲು ಅವಳಿಗೆ ಖಾಲಿ ಬಟ್ಟಲುಗಳ ನೆಪ ಬೇಕಾಯಿತು.

ಪಾತ್ರೆ ತೊಳೆಯುವ ಕೋಣೆಯ ಮುಂದೆ ದೊಡ್ಡಪ್ಪನ ಮಗ ಇನ್‌ಚೊಲ್ ಗೋಡೆಗೆ ಒರಗಿ ನಿಂತಿದ್ದ. ಹಿರಿಯ ಶೋಕಸ್ಥ ಎಂದು ಅವನ ತೋಳಿಗೆ ನಾರುಬಟ್ಟೆಯ ಪಟ್ಟಿ ಕಟ್ಟಿದ್ದರು. ವೊಂಜು ಊರಿನಲ್ಲಿ ಲಾರಿ ರಿಪೇರಿ ಮಾಡುವ ಮನುಷ್ಯ. ಮೂರು ದಿನ ಕೋಟು ಹಾಕಿಕೊಂಡು ಸಾಕಾಗಿಹೋಗಿದ್ದ.

"ಅಣ್ಣ, ಆ ಎಣ್ಣೆ ವಿಷಯ ಒಂದು ಮಾತು ಹೇಳ್ಬೇಕು. ಅವರು ಯಾರೂ ಅದನ್ನ ಕುಡೀಬಾರದು."

"ಯಾಕೆ?"

"ಗಾಜಿನ ಸೀಸೇಲಿ ಹಾಕಿ ಬೆಳಕಿಗೆ ಇಟ್ರೆ ಅದು ವಿಷ ಆಗುತ್ತೆ. ನಮ್ಮ ಲ್ಯಾಬಲ್ಲೇ ಇಲಿಗಳು ಸತ್ತಿವೆ."

ಇನ್‌ಚೊಲ್ ಗೋಡೆ ಬಿಟ್ಟು ನೆಟ್ಟಗೆ ನಿಂತ. "ಅಪ್ಪ ಅದ್ರಿಂದಾನೇ..."

"ಗೊತ್ತಿಲ್ಲ ಅಣ್ಣ. ಆಸ್ಪತ್ರೆಯವರು ಹೃದಯ ನಿಂತಿತು ಅಂದ್ರು. ಅದೇ ಇರಬಹುದು. ನನಗೆ ನಿಜವಾಗ್ಲೂ ಗೊತ್ತಿಲ್ಲ."

"ಹಾಗಾದ್ರೆ ಇವತ್ತು ಬಾಯಿ ಬಿಡಬೇಡ." ಅವನು ದನಿ ತಗ್ಗಿಸಿದ. "ಮನೆ ಮನೆಗೆ ತಗೊಂಡು ಹೋಗಿ ಕೊಟ್ಟಿದ್ದು ಅಪ್ಪ. ಊರಿಗೆ ವಿಷ ಹಂಚಿದವನು ಅಂತ ಅನ್ನಿಸಿಕೊಂಡು ಬೆಂಕಿಗೆ ಹೋಗ್ಬೇಕಾ ಅವರು? ನಾಳೆ ಹೇಳು. ನಾಡಿದ್ದು ಹೇಳು. ಇವತ್ತು ಬೇಡ."

ಮಿರಾನ್ ತಲೆಯಾಡಿಸಿದಳು. ಬೇಡ ಎಂದು ಯಾರಾದರೂ ಹೇಳಲಿ ಎಂದೇ ತಾನು ಕಾಯುತ್ತಿದ್ದೆನೇನೋ ಎನ್ನಿಸಿ ಅವಳ ಕಿವಿ ಬಿಸಿಯಾಯಿತು.

*

ದೊಡ್ಡಪ್ಪ ಕಲ್ಲಿದ್ದಲಿನ ಬಿಲ್ಲೆ ಮಾರುತ್ತಿದ್ದರು. ಜೇನುಗೂಡಿನ ಹಾಗೆ ತೂತುಗಳಿದ್ದ, ತೊಡೆಯಷ್ಟು ದಪ್ಪದ ಕರೀ ಬಿಲ್ಲೆಗಳು. ಆಗ ಎಲ್ಲರ ಮನೆಯಲ್ಲೂ ಅಡುಗೆಗೆ ಅದೇ ಬೆಂಕಿ, ರಾತ್ರಿ ಮಲಗುವ ನೆಲ ಬಿಸಿಯಾಗುವುದೂ ಅದರಿಂದಲೇ. ಕೈಗಾಡಿಯಲ್ಲಿ ಹೇರಿಕೊಂಡು ಗುಡ್ಡದ ಓಣಿಗಳನ್ನು ಹತ್ತುತ್ತಿದ್ದರು. ಗಾಡಿ ಹೋಗದ ಕಡೆ ಬೆನ್ನ ಮೇಲೆ ಹೊರುತ್ತಿದ್ದರು.

ಮಿರಾನ್‌ಳ ಅಪ್ಪ ಬೇಗ ತೀರಿಕೊಂಡಿದ್ದ, ಅಮ್ಮ ಬೇರೆ ಮದುವೆಯಾಗಿ ಹೋಗಿದ್ದಳು. ದೊಡ್ಡಪ್ಪನ ಮನೆಯೇ ಅವಳ ಮನೆ. ಶಾಲೆಗೆ ಅವರು ಬರುವುದು ಅವಳಿಗೆ ಇಷ್ಟವಿರಲಿಲ್ಲ. ಎಷ್ಟು ಉಜ್ಜಿ ತೊಳೆದರೂ ಅವರ ಉಗುರುಗಳ ಸುತ್ತ, ಅಂಗೈ ಗೆರೆಗಳ ಒಳಗೆ ಕಪ್ಪು ಉಳಿದೇ ಇರುತ್ತಿತ್ತು. ಒಮ್ಮೆ ಊಟದ ಹೊತ್ತಿಗೆ ಅವಳು, "ನಿಮ್ಮ ಕೈ ನೋಡಿದ್ರೆ ಎಲ್ಲರೂ ನಗ್ತಾರೆ," ಎಂದುಬಿಟ್ಟಿದ್ದಳು. ದೊಡ್ಡಮ್ಮ ಅವಳ ತಲೆಗೆ ಚಮಚದಿಂದ ಮೊಟಕಿದಳು. ದೊಡ್ಡಪ್ಪ ನಕ್ಕು ಊಟ ಮುಂದುವರಿಸಿದರು. ಅವಳು ಶಾಲೆ ಮುಗಿಸಿದ ದಿನ ಹೂಗುಚ್ಛ ಹಿಡಿದು ಬಂದರು. ಕೈಗೆ ಬಿಳಿ ಗ್ಲೌಸ್ ಹಾಕಿಕೊಂಡಿದ್ದರು. ಟ್ಯಾಕ್ಸಿ ಓಡಿಸುವವರು ಹಾಕಿಕೊಳ್ಳುವಂಥದ್ದು. ಫೋಟೋ ತೆಗೆಯುವಾಗಲೂ ಬಿಚ್ಚಲಿಲ್ಲ.

ಒಂದು ಚಳಿಗಾಲ ಅವರ ಗಿರಾಕಿಯೊಬ್ಬರ ಮನೆಯಲ್ಲಿ ಬಾಡಿಗೆಗಿದ್ದ ಗಂಡ ಹೆಂಡತಿ ಬೆಳಗ್ಗೆ ಏಳಲಿಲ್ಲ. ನೆಲದ ಬಿರುಕಿನಿಂದ ಕಲ್ಲಿದ್ದಲಿನ ಗ್ಯಾಸು ಒಳಗೆ ಬಂದಿತ್ತು. ಹೊಸದಾಗಿ ಮದುವೆಯಾದವರು. ಪೊಲೀಸರು ಬಂದು ಬಿರುಕು ನೋಡಿ, ಮನೆ ಮಾಲೀಕನನ್ನು ಬೈದು ಹೋದರು. ದೊಡ್ಡಪ್ಪನನ್ನು ಯಾರೂ ಏನೂ ಕೇಳಲಿಲ್ಲ. ಆದರೆ ಹಿಂದಿನ ಸಂಜೆ ಆ ಮನೆಗೆ ಬಿಲ್ಲೆ ಹಾಕಿ ಬಂದವರು ಅವರೇ. ಆ ಹುಡುಗಿ ಗಾಡಿಯ ಹಿಂದಿನಿಂದ ಕೈ ಕೊಟ್ಟು ತಳ್ಳಿದ್ದಳಂತೆ. ಅಲ್ಲಿಂದ ಮುಂದೆ ಅವರು ಆ ಓಣಿಯಲ್ಲಿ ತಲೆ ಎತ್ತಿ ನಡೆಯಲಿಲ್ಲ. ಬಿಲ್ಲೆ ಹಾಕಿದ ಪ್ರತಿ ಮನೆಯಲ್ಲೂ ಮಂಡಿಯೂರಿ ಕೂತು, ನೆಲದ ಮೇಲೆ ಅಂಗೈ ಆಡಿಸಿ, ಬಿರುಕಿದ್ದರೆ ತಾವೇ ಸಿಮೆಂಟ್ ಮೆತ್ತಿ ಬರುತ್ತಿದ್ದರು. ದಿನದ ಕೆಲಸ ಅರ್ಧಕ್ಕರ್ಧ ಅದರಲ್ಲೇ ಹೋಗುತ್ತಿತ್ತು. ದೊಡ್ಡಮ್ಮ ಬೈದರೆ, "ನೋಡದೆ ಬಂದ್ರೆ ನಿದ್ದೆ ಬರಲ್ಲ ಮಾರಾಯ್ತಿ," ಎನ್ನುತ್ತಿದ್ದರು.

*

ಶವಪೆಟ್ಟಿಗೆಯನ್ನು ಬಸ್ಸಿನ ಕೆಳಗಿನ ಅರೆಗೆ ಸರಿಸಿದಾಗ ದೊಡ್ಡಮ್ಮ ಒಮ್ಮೆ ಮಾತ್ರ ಗಟ್ಟಿಯಾಗಿ ಅತ್ತಳು. ಆಮೇಲೆ ಕಿಟಕಿಯ ಪಕ್ಕ ಕೂತು ಕಿತ್ತಳೆ ಹಣ್ಣಿನ ಸಿಪ್ಪೆ ಸುಲಿಯತೊಡಗಿದಳು. ಸುಲಿದ ಹಣ್ಣನ್ನು ಹಿಂದಿನ ಸೀಟಿನವರಿಗೆ ಕೊಡುವುದು, ಇನ್ನೊಂದು ಎತ್ತಿಕೊಳ್ಳುವುದು. ಒಂದನ್ನೂ ತಾನು ತಿನ್ನಲಿಲ್ಲ.

ಚಿತಾಗಾರ ಊರ ಹೊರಗಿನ ಬೆಟ್ಟದ ಮಗ್ಗುಲಲ್ಲಿತ್ತು. ಬಸ್ಸು ತಿರುವುಗಳನ್ನು ಹತ್ತುವಾಗ ಹಾಮ್ ಎದ್ದು ಬಂದು ಮಿರಾನ್‌ಳ ಪಕ್ಕದ ಸೀಟು ಹಿಡಿದರು.

"ನಾವೆಲ್ಲ ಮಾತಾಡಿಕೊಂಡಿದ್ದೀವಿ. ಗಿಯೊಲ್ ಕೊಟ್ಟಿಗೇಲಿ ಎಣ್ಣೆ ಡಬ್ಬಿಗಳು ಇನ್ನೂ ಇವೆಯಲ್ಲ, ಅದನ್ನ ಸೀಸೆಗೆ ತುಂಬಿಸಿ ನಾನು ಮನೆ ಮನೆಗೆ ಕೊಟ್ಟು ಬರ್ತೀನಿ. ಅವನು ಶುರು ಮಾಡಿದ್ದು, ನಿಲ್ಲಬಾರದು."

"ಅಜ್ಜ, ನಿಮ್ಮ ಲಿವರ್ ಸರಿ ಇಲ್ಲ ಅಂತ ದೊಡ್ಡಪ್ಪ ಹೇಳ್ತಿದ್ರು."

"ಅದಕ್ಕೇ ನಾನು ದಿನಾ ಎರಡು ಚಮಚ ತಗೋತೀನಿ. ಬೇರೆಯವರಿಗೆ ಒಂದೇ."

ಮುಂದಿನ ಸೀಟಿನಿಂದ ಇನ್‌ಚೊಲ್ ತಿರುಗಿ ಮಿರಾನ್‌ಳ ಮುಖ ನೋಡಿದ. ಅವಳು ಕಿಟಕಿಯ ಕಡೆ ತಿರುಗಿದಳು.

*

ಕೆಲವು ವರ್ಷದ ಹಿಂದೆ, ಸುಗ್ಗಿ ಹಬ್ಬದ ಊಟ ಮುಗಿದ ಮೇಲೆ ದೊಡ್ಡಪ್ಪ ಕೇಳಿದ್ದರು: "ಅಲ್ಲಮ್ಮ, ಅಷ್ಟು ದೊಡ್ಡ ಕಟ್ಟಡದಲ್ಲಿ ಕೂತು ನೀನು ಏನು ಕೆಲಸ ಮಾಡ್ತೀಯ? ಯಾರಾದ್ರೂ ಕೇಳಿದ್ರೆ ನನಗೆ ಹೇಳೋಕೆ ಬರಲ್ಲ."

ಅಕ್ಕಿಯ ಹೆಂಡ ಎರಡು ಬಟ್ಟಲು ಒಳಗೆ ಹೋಗಿತ್ತು. ಮಿರಾನ್ ಹುರುಪಿನಲ್ಲಿದ್ದಳು. "ನಿಮ್ಮ ಕೆಲಸವೇ ದೊಡ್ಡಪ್ಪ. ಇಂಗಾಲ. ನೀವು ಮಾರಿದ್ದು ಗಾಡಿಯಲ್ಲಿ ಹೇರೋ ಅಂಥದ್ದು, ನಂದು ಕಣ್ಣಿಗೆ ಕಾಣದ ಕಣ. ಕಾಲ್ಚೆಂಡಿನ ಹಾಗೆ ಗುಂಡಗೆ, ಒಳಗೆ ಟೊಳ್ಳು. ನಮ್ಮ ಮೈ ಒಳಗೆ ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗೆ ಹಿಡೀತಾ ಇರುತ್ತಲ್ಲ, ಅದನ್ನ ಈ ಕಣ ಹೀರಿಕೊಳ್ಳುತ್ತೆ. ಎಣ್ಣೇಲಿ ಕರಗಿಸಿ ಇಲಿಗಳಿಗೆ ಕುಡಿಸಿದ್ರೆ ಜಾಸ್ತಿ ಕಾಲ ಬದುಕ್ತವೆ."

ಅದು ಯಾರೋ ಮಾಡಿದ ಒಂದು ಪ್ರಯೋಗ. ಮತ್ತೆ ಮತ್ತೆ ಮಾಡಿ ನೋಡಬೇಕಾದದ್ದು. ಪ್ರಮಾಣ ಹೆಚ್ಚಾದರೆ, ಕಣದ ಆಕಾರ ಬದಲಾದರೆ ಅದೇ ಇಂಗಾಲ ಜೀವಕೋಶವನ್ನು ಕೊಲ್ಲುತ್ತದೆ. ಇದು ಅವಳಿಗೆ ಗೊತ್ತಿತ್ತು. ಹೇಳಲಿಲ್ಲ. ಹೇಳಿದರೆ ಮಾತಿನ ಸೊಗಸು ಹೋಗುತ್ತಿತ್ತು.

ದೊಡ್ಡಪ್ಪ ಬಟ್ಟಲನ್ನು ಕೆಳಗಿಟ್ಟರು. "ಇಂಗಾಲ ಬದುಕಿಸುತ್ತೆ?" ಎಂದರು.

"ಬದುಕಿಸುತ್ತೆ."

ಅವರು ಎದ್ದು ಅಂಗಳಕ್ಕೆ ಹೋಗಿ ಬಹಳ ಹೊತ್ತು ನಿಂತಿದ್ದರು.

ಮುಂದಿನ ಹಬ್ಬಕ್ಕೆ ಬಂದಾಗ ಅಡುಗೆಮನೆಯ ಕಿಟಕಿಯಲ್ಲಿ ಸಣ್ಣ ಸಣ್ಣ ಗಾಜಿನ ಸೀಸೆಗಳ ಸಾಲಿತ್ತು. ರಾಜಧಾನಿ ಸೋಲ್‌ನ ಯಾವುದೋ ಅಂಗಡಿಯಿಂದ ಕಪ್ಪು ಡಬ್ಬಿಗಳಲ್ಲಿ ಆ ಕಣ ಕರಗಿಸಿದ ಎಣ್ಣೆ ತರಿಸಿ, ಸೀಸೆಗಳಿಗೆ ಬಗ್ಗಿಸಿ, ಹಿಂದೆ ಬಿಲ್ಲೆ ಹಾಕುತ್ತಿದ್ದ ಮನೆಗಳಿಗೆಲ್ಲ ಬಿಟ್ಟಿಯಾಗಿ ಕೊಡುತ್ತಿದ್ದರು. ಬಿಸಿಲು ಬಿದ್ದಾಗ ಎಣ್ಣೆ ದ್ರಾಕ್ಷಿಯ ಬಣ್ಣಕ್ಕೆ ಹೊಳೆಯುತ್ತಿತ್ತು. "ಎಷ್ಟು ಚೆನ್ನಾಗಿದೆ ನೋಡು ಬಣ್ಣ," ಎಂದು ಅವರು ಒಂದನ್ನು ಎತ್ತಿ ಬೆಳಕಿಗೆ ಹಿಡಿದಿದ್ದರು. ಅವಳು ನಕ್ಕಿದ್ದಳು.

ಆಮೇಲೆ ಒಂದು ದಿನ ಅವರು ಹೇಳದೆ ಕೇಳದೆ ದೆಜೊನ್‌ಗೆ, ಅವಳ ಸಂಸ್ಥೆಯ ಲಾಬಿಗೆ ಬಂದರು. ಮಿರಾನ್ ಹೊರದೇಶದ ಅತಿಥಿಗಳ ಜೊತೆ ಊಟಕ್ಕೆ ಹೊರಟಿದ್ದಳು. ದೊಡ್ಡಪ್ಪನ ತಲೆಯ ಮೇಲೆ ಮಾಸಿದ ಟೋಪಿ, ಮಂಡಿಯ ಹತ್ತಿರ ಜೋಲುವ ಪ್ಯಾಂಟು, ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಖಾರದ ಕೋಸಿನ ಡಬ್ಬಿ. ಅದರ ವಾಸನೆ ಲಾಬಿ ತುಂಬ ಹರಡಿತ್ತು.

"ಯಾರಿವರು?" ಎಂದು ಸಂಸ್ಥೆಯ ನಿರ್ದೇಶಕರು ಕೇಳಿದರು.

"ನಮ್ಮ ಊರಿನವರು," ಎಂದಳು ಮಿರಾನ್.

ದೊಡ್ಡಪ್ಪ ಅದನ್ನು ಕೇಳಿಸಿಕೊಂಡರು. ತಕ್ಷಣ ಟೋಪಿ ತೆಗೆದು ನಿರ್ದೇಶಕರಿಗೆ ಸೊಂಟ ಬಗ್ಗಿಸಿ ನಮಸ್ಕರಿಸಿ, ಊರಿನವರು ಹೇಗೆ ನಿಲ್ಲುತ್ತಾರೋ ಹಾಗೆ ಒಂದು ಹೆಜ್ಜೆ ಹಿಂದೆ ಸರಿದು ನಿಂತರು. ಆಮೇಲೆ ಮೆಲ್ಲಗೆ ಕೇಳಿದರು: "ಡಾಕ್ಟ್ರೇ, ಒಂದೇ ಮಾತು. ಆ ಎಣ್ಣೆ ಬಿಸಿಲಲ್ಲಿ ಇಡಬಹುದಾ? ಬೇಸಿಗೇಲಿ ವಾಸನೆ ಸ್ವಲ್ಪ ಬೇರೆ ಥರ ಆಗಿತ್ತು. ಫೋನಲ್ಲಿ ನನಗೆ ಸರಿಯಾಗಿ ಕೇಳಿಸಲ್ಲ, ಅದಕ್ಕೆ ಬಂದೆ."

ಹುಟ್ಟಿದಾಗಿನಿಂದ ಅವಳನ್ನು ಏಕವಚನದಲ್ಲಿ ಕರೆದವರು ಅಂದು ಡಾಕ್ಟ್ರೇ ಎಂದರು.

"ನೋಡಿ ಹೇಳ್ತೀನಿ. ನಾನೇ ಫೋನ್ ಮಾಡ್ತೀನಿ," ಎಂದು ಅವಳು ಕೈಗಡಿಯಾರ ನೋಡಿಕೊಂಡಳು. ಕೋಸಿನ ಡಬ್ಬಿಯನ್ನು ಕಾವಲುಗಾರನ ಮೇಜಿನ ಮೇಲೆ ಇಡಿಸಿದಳು.

ಆ ಪ್ರಶ್ನೆಯಿಂದಲೇ ಪ್ರಯೋಗ ಶುರುವಾಯಿತು. ಎರಡು ಗುಂಪು ಇಲಿಗಳು. ಕತ್ತಲಲ್ಲಿಟ್ಟ ಎಣ್ಣೆ ಕುಡಿದವು ಚೆನ್ನಾಗಿದ್ದವು. ಬೆಳಕಿನಲ್ಲಿಟ್ಟ ಎಣ್ಣೆ ಕುಡಿದವು ಬೆನ್ನು ಗೂನಾಗಿ, ರೋಮ ನಿಮಿರಿ, ಮೂಲೆ ಸೇರಿ ಒಂದೊಂದಾಗಿ ಸತ್ತವು. ಮಿರಾನ್ ಅದನ್ನು ಬರೆದು ಪ್ರಕಟಿಸಿದಳು, ಎರಡು ದೇಶಗಳಲ್ಲಿ ನಿಂತು ಭಾಷಣ ಮಾಡಿದಳು, ಹೊಗಳಿಸಿಕೊಂಡಳು. ಜೆಚೊನ್‌ಗೆ ಫೋನ್ ಮಾಡಲಿಲ್ಲ. ಪ್ರತಿ ಸಲ ನಂಬರ್ ತೆಗೆದಾಗಲೂ ಲಾಬಿಯಲ್ಲಿ ಒಂದು ಹೆಜ್ಜೆ ಹಿಂದೆ ಸರಿದ ಆ ಮನುಷ್ಯ ಕಾಣುತ್ತಿದ್ದರು. ಎಣ್ಣೆಯ ಮಾತು ಎತ್ತಬೇಕಾದರೆ 'ನಮ್ಮ ಊರಿನವರು' ಎಂದ ಮಾತನ್ನೂ ಎತ್ತಬೇಕಾಗುತ್ತಿತ್ತು. ಹಬ್ಬಗಳಿಗೆ ಬಂದಳು, ಉಂಡಳು, ಕಿಟಕಿಯ ಕಡೆ ಬೆನ್ನು ಹಾಕಿ ಕೂತಳು, ಹೋದಳು.

*

ಚಿತಾಗಾರದ ಕಾಯುವ ಕೋಣೆಯಲ್ಲಿ ಗೋಡೆಯ ಮೇಲೊಂದು ಪರದೆ ಇತ್ತು. ತಾಕ್ ಗಿಯೊಲ್ ಎಂಬ ಹೆಸರಿನ ಮುಂದೆ 'ದಹನ ನಡೆಯುತ್ತಿದೆ' ಎಂದು ಬರುತ್ತಿತ್ತು. ಮೇಲೆ ಕೆಳಗೆ ಬೇರೆ ಹೆಸರುಗಳು. ಆಚೆಯ ಮೇಜಿನಲ್ಲಿ ಬೇರೊಂದು ಮನೆಯವರು ಅನ್ನದ ಸುರುಳಿ ತಿನ್ನುತ್ತಿದ್ದರು.

ಹಾಮ್ ಕೋಟಿನ ಒಳಜೇಬಿನಿಂದ ಸಣ್ಣ ಸೀಸೆ ತೆಗೆದರು. ಕಾಗದದ ಲೋಟಗಳನ್ನು ಸಾಲಾಗಿ ಜೋಡಿಸಿ ಒಂದೊಂದಕ್ಕೂ ಸ್ವಲ್ಪ ಸ್ವಲ್ಪ ಬಗ್ಗಿಸಿದರು.

"ಸೋಜು ಹೆಂಡ ಎಲ್ಲರೂ ಕುಡೀತಾರೆ. ಇವತ್ತು ಇದನ್ನ ಅವನ ಹೆಸರಲ್ಲಿ ಕುಡಿಯೋಣ. ಅತ್ತಿಗೆ, ನೀವೂ ತಗೊಳ್ಳಿ."

ದೊಡ್ಡಮ್ಮ ಲೋಟಕ್ಕೆ ಕೈ ಚಾಚಿದಳು.

ಮಿರಾನ್ ಎದ್ದು ಬಂದು ಅದರ ಮೇಲೆ ಅಂಗೈ ಮುಚ್ಚಿದಳು. "ಕುಡೀಬೇಡಿ ದೊಡ್ಡಮ್ಮ. ಅಜ್ಜ, ನೀವೂ ಬೇಡ. ಯಾರೂ ಬೇಡ."

"ಮಿರಾನ್," ಎಂದ ಇನ್‌ಚೊಲ್.

"ಬೆಳಕಿಗೆ ಇಟ್ಟ ಈ ಎಣ್ಣೆ ವಿಷ. ನಾನೇ ಪರೀಕ್ಷೆ ಮಾಡಿ ನೋಡಿದ್ದೀನಿ. ದೊಡ್ಡಪ್ಪನ ತಪ್ಪಿಲ್ಲ. ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ."

ಮಂಡಿ ತೋರಿಸಿದ್ದ ಮುದುಕರು ತಮ್ಮ ಲೋಟದ ಒಳಗೆ ನೋಡಿ, ಅದನ್ನು ಮೇಜಿನ ಅಂಚಿಗೆ ದೂಡಿದರು.

"ಎಷ್ಟು ದಿನದಿಂದ ಗೊತ್ತು ನಿಂಗೆ?" ಎಂದು ಹಾಮ್ ಕೇಳಿದರು. ಡಾಕ್ಟರ್ ಹುಡುಗಿ ಎನ್ನಲಿಲ್ಲ.

"ಎರಡು ವರ್ಷ ಆಗ್ತಾ ಬಂತು."

"ಬೆಳಗ್ಗೆ ನಾನು ನಿನ್ನ ಕೈ ಹಿಡಿದಾಗಲೂ ಗೊತ್ತಿತ್ತು."

"ಗೊತ್ತಿತ್ತು."

ಹಾಮ್ ಸೀಸೆಯ ಮುಚ್ಚಳ ತಿರುಗಿಸಿ ಭದ್ರ ಮಾಡಿದರು. ಒಂದು ಸಲ ಮಾಡಿದ್ದು ಸಾಲದು ಎಂಬಂತೆ ಮತ್ತೆ ತಿರುಗಿಸಿದರು. "ನಾನು ನಮ್ಮ ಮೊಮ್ಮಗಳಿಗೂ ಕೊಟ್ಟಿದ್ದೀನಿ," ಎಂದರು.

ದೊಡ್ಡಮ್ಮ ಚಾಚಿದ ಕೈಯನ್ನು ಇನ್ನೂ ಹಿಂದಕ್ಕೆ ತೆಗೆದುಕೊಂಡಿರಲಿಲ್ಲ. ಮೇಜಿನ ಕಡೆಗೇ ನೋಡುತ್ತ ಮಾತಾಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಏನೋ ನೆನಪು ಮಾಡಿಕೊಳ್ಳುವವಳ ಹಾಗಿತ್ತು.

"ಅವತ್ತು ನಿನ್ನ ಆಫೀಸಿಂದ ಬಂದವರೇ ಸೀಸೆಗಳನ್ನೆಲ್ಲ ಕಿಟಕಿಯಿಂದ ತೆಗೆದು ಬೀರು ಹಿಂದೆ ಇಟ್ರು. ಮಿರಾನ್ ಫೋನ್ ಮಾಡೋವರೆಗೂ ಯಾರಿಗೂ ಕೊಡೋದು ಬೇಡ ಅಂದ್ರು. ಫೋನನ್ನ ದಿಂಬಿನ ಪಕ್ಕ ಇಟ್ಕೊಂಡು ಮಲಗ್ತಿದ್ರು, ಕೇಳಿಸದೆ ಹೋದೀತು ಅಂತ. ಹೊಸ ವರ್ಷದವರೆಗೂ ಕಾದ್ರು. ಆಮೇಲೆ ಒಂದಿನ, ಕೆಟ್ಟದ್ದಾಗಿದ್ರೆ ನಮ್ಮ ಹುಡುಗಿ ಸುಮ್ನಿರ್ತಿದ್ಲಾ, ಅಂತ ಹೇಳಿ ಮತ್ತೆ ತೆಗೆದು ಕಿಟಕೀಲಿ ಜೋಡಿಸಿದ್ರು."

ಪರದೆಯ ಮೇಲೆ ಯಾರದೋ ಹೆಸರು ಬದಲಾಯಿತು. ಆಚೆ ಮೇಜಿನವರು ಎದ್ದು ಹೊರಟರು.

*

ಸಂಜೆಗೆ ಮನೆಗೆ ಬಂದ ಮೇಲೆ ಮಿರಾನ್ ಶೋಕದ ಕಪ್ಪು ಉಡುಪಿನಲ್ಲೇ ಕಿಟಕಿಯ ಸೀಸೆಗಳನ್ನು ಇಳಿಸಿದಳು. ಕೊಟ್ಟಿಗೆಯಲ್ಲಿದ್ದ ಪ್ಲಾಸ್ಟಿಕ್ ಪೆಟ್ಟಿಗೆಯೊಂದನ್ನು ತೆಗೆದುಕೊಂಡು ಅಂಗಳಕ್ಕೆ ಬಂದಾಗ ಹಾಮ್ ಗೇಟಿನ ಹತ್ತಿರ ನಿಂತಿದ್ದರು.

"ಯಾವ ಯಾವ ಮನೆ ಅಂತ ನಿಂಗೆ ಗೊತ್ತಿಲ್ಲ. ತೋರಿಸ್ತೀನಿ. ನನ್ನ ಹತ್ರ ಮಾತಾಡ್ಬೇಡ."

ಅವರು ಮುಂದೆ, ಅವಳು ಹಿಂದೆ. ಓಣಿ ಏರುತ್ತಾ ಹೋಯಿತು. ಪ್ರತಿ ಬಾಗಿಲಲ್ಲೂ ಅವಳು ಒಂದೇ ಮಾತು ಹೇಳಿದಳು: "ನಾನು ತಾಕ್ ಗಿಯೊಲ್ ಅವರ ತಮ್ಮನ ಮಗಳು. ಅವರು ಕೊಟ್ಟ ಎಣ್ಣೆ ಕುಡಿಯೋದು ಒಳ್ಳೇದಲ್ಲ. ತಪ್ಪು ನಂದು. ವಾಪಸ್ ಕೊಡಿ." ಒಬ್ಬ ಹೆಂಗಸು ಸೀಸೆ ಕೊಟ್ಟು ಬಾಗಿಲು ಹಾಕಿಕೊಂಡಳು. ಒಬ್ಬ ಮುದುಕ, ನನಗೇನೂ ಆಗಿಲ್ಲ, ಕೊಡಲ್ಲ, ಎಂದು ಹಟ ಹಿಡಿದ. ಹಾಮ್ ಒಳಗೆ ಹೋಗಿ ಜಗಳವಾಡಿ ಇಸಿದುಕೊಂಡು ಬಂದರು.

ತೊಗಟೆ ಕಿತ್ತ ಪರ್ಸಿಮನ್ ಹಣ್ಣಿನ ಮರದ ಪಕ್ಕದ ಮನೆಯಾಕೆ ಒಳಗಿನಿಂದ ಒಂದು ಬುಟ್ಟಿಯನ್ನೇ ತಂದಳು. ಅದರಲ್ಲಿದ್ದ ಒಂದೇ ಒಂದು ಸೀಸೆಯ ಮುಚ್ಚಳವನ್ನೂ ತೆಗೆದಿರಲಿಲ್ಲ.

"ಆ ವಾಸನೆ ನಮಗೆ ಸೇರ್ತಿರಲಿಲ್ಲಮ್ಮ. ಬೇಡ ಅನ್ನೋಕೆ ಮನಸ್ಸು ಬರ್ತಿರಲಿಲ್ಲ ಅಷ್ಟೇ. ಕೊಡುವಾಗ ಆ ಮನುಷ್ಯನ ಮುಖ ನೀನು ನೋಡ್ಬೇಕಿತ್ತು. ಮದುವೆ ಮನೆಯವರ ಥರ ಇರ್ತಿತ್ತು."

ಇನ್ನೆರಡು ಮನೆಗಳಲ್ಲೂ ಹಾಗೆಯೇ ಆಯಿತು. ಮಿರಾನ್‌ಳ ಎದೆ ಸ್ವಲ್ಪ ಹಗುರವಾಯಿತು. ಹಗುರವಾದದ್ದು ತಿಳಿದು ಅವಳಿಗೆ ನಾಚಿಕೆಯಾಯಿತು.

ಕೊನೆಯ ಮನೆ ಮೆಟ್ಟಿಲುಗಳ ತುದಿಯಲ್ಲಿತ್ತು. ಹಾಮ್ ಎರಡು ಸಲ ನಿಂತು ಉಸಿರು ಎಳೆದುಕೊಂಡರು. "ಬೊಂಗ್ಯಾಂಗ್ ಅಜ್ಜಿ. ಒಬ್ಬಳೇ ಇರೋದು," ಎಂದರು, ಮಾತಾಡಬಾರದೆಂದು ತಾವೇ ಹೇಳಿದ್ದನ್ನು ಮರೆತು. "ಕಿವಿ ಹೆಚ್ಚುಕಮ್ಮಿ ಹೋಗೇಬಿಟ್ಟಿದೆ. ಕೆಳಗೆ ಇಳಿಯೋಕೂ ಆಗಲ್ಲ. ಅವನು ಹೋದ ಸುದ್ದಿ ಇವಳಿಗೆ ಯಾರೂ ಮುಟ್ಟಿಸಿಲ್ಲ."

ಅಜ್ಜಿ ಜಗಲಿಯ ಮೇಲೆ ಮೂಲಂಗಿ ಎಲೆಗಳನ್ನು ಒಣಗಲು ಹಾಕುತ್ತಾ ಕೂತಿದ್ದಳು. ಹಾಮ್‌ರನ್ನು ಗುರುತು ಹಿಡಿದು ತಲೆಯಾಡಿಸಿದಳು. ಅವರು ಮಿರಾನ್‌ಳ ಕಡೆ ಬೆರಳು ತೋರಿಸಿ, ಅಜ್ಜಿಯ ಕಿವಿಯ ಹತ್ತಿರ ಬಾಗಿ, "ಗಿಯೊಲ್ ಹುಡುಗಿ," ಎಂದು ಕೂಗಿದರು.

ಅಜ್ಜಿಯ ಮುಖ ಅರಳಿತು. "ಅಯ್ಯೋ, ಡಾಕ್ಟ್ರಮ್ಮ. ಈ ಮೆಟ್ಟಿಲು ಹತ್ತಿಕೊಂಡು ನೀವೇ ಬಂದ್ರಾ."

"ಅಜ್ಜಿ, ಆ ಎಣ್ಣೆ..." ಮಿರಾನ್ ಬಾಯನ್ನು ಅವಳ ಕಿವಿಯ ಹತ್ತಿರ ತಂದಳು. "ಆ ಎಣ್ಣೆ..."

"ಎಣ್ಣೆ. ಹ್ಞೂಂ." ಅಜ್ಜಿ ಅವಳ ತೋಳು ತಟ್ಟಿದಳು. ನೆಲಕ್ಕೆ ಕೈಯೂರಿ ಎದ್ದು ಒಳಗೆ ಹೋದಳು. ಕಪಾಟು ತೆಗೆದ ಸದ್ದು, ಕಾಗದದ ಸದ್ದು ಕೇಳಿಸಿತು. ಹಾಮ್ ಗೋಡೆಯ ಕಡೆ ತಿರುಗಿ ನಿಂತರು.

ಅಜ್ಜಿ ಹೊರಗೆ ಬಂದು, ಹೊಸ್ತಿಲಲ್ಲಿ ಬಟ್ಟೆಯನ್ನು ಸರಿಮಾಡಿಕೊಂಡು, ದೊಡ್ಡವರಿಗೆ ಕೊಡುವ ಹಾಗೆ ಎರಡೂ ಕೈಗಳಲ್ಲಿ ಹಿಡಿದು ಮುಂದೆ ಚಾಚಿದಳು. ಬೂದಿ ಹಾಕಿ ಉಜ್ಜಿ, ತೊಳೆದು, ಒರೆಸಿಟ್ಟ ಸೀಸೆ. ಒಳಗೆ ಒಂದು ಹನಿಯೂ ಇರಲಿಲ್ಲ. ತುಂಬಿಸಿ ಕೊಡುವವರಿಗೆ ಅನುಕೂಲವಾಗಲೆಂದು ಅವಳು ಮುಚ್ಚಳವನ್ನೂ ಬಿಚ್ಚಿಕೊಂಡೇ ಬಂದಿದ್ದಳು.